ತೂತಿರುವ ಎಲೆ

ಜುಲೈ ಸೆಕೆಯಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ
ಫ್ಯಾನಿನ ಕೆಳಗೆ ಕೂತು
ನಾವು ಅಕ್ಟೋಬರ್ ಹೊಲಿಯುತ್ತೇವೆ.
ಐದು ಹೆಂಗಸರು, ಎರಡು ಮಷೀನು,
ಹರಿತವಾದ ಕತ್ತರಿ ಒಂದೇ ಒಂದು.
ಅದು ಬ್ಯೂಲಾಳದು. ಅದರಲ್ಲಿ ಕಾಗದ ಕತ್ತರಿಸಿದವರನ್ನು
ಅವಳು ಈ ವರ್ಮಾಂಟಿನಲ್ಲಿ ಬಾಳಗೊಡಳು.

ದೊಡ್ಡ ಕೌದಿಯ ಆಸೆ ಬಿಟ್ಟೆವು ನಾವು.
ಮುದಿ ನಾಯಿಯ ಹಾಗೆ ತೊಡೆಯ ಮೇಲೆ ಬಿದ್ದುಕೊಂಡು
ಇಡೀ ಚಳಿಗಾಲ ತಿಂದುಹಾಕುತ್ತದೆ ಅದು.
ಈಗೇನಿದ್ದರೂ ಅಂಗೈಯಗಲದ ಕಸುಬು:
ಲೋಟದಡಿಗೆ ಒಂದು ಎಲೆ,
ಬಿಸಿ ಪಾತ್ರೆ ಇಳಿಸಲು ಒಂದು ಕುಂಬಳ,
ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ,
ನಡುವೆ ಮಾತಿಗೆ ಸಿಕ್ಕದಷ್ಟು ಹತ್ತಿ.

ಬಣ್ಣ ಎಲ್ಲಿಂದ ಬರುತ್ತದೆ ಅಂತ ಕೇಳಬೇಡಿ.
ಇಟ್ಟಿಗೆಗೆಂಪು, ಡೆಲ್ಫೀನಳ ಹಳೆಯ ಪರದೆ.
ಸಾಸಿವೆ ಹಳದಿ, ಚುನಾವಣೆಯಲ್ಲಿ ಸೋತ
ಯಾರದೋ ಬ್ಯಾನರು; ಹೆಸರಿನ ಕಡೆ ಒಳಗೆ ಮಡಚಿದ್ದೇವೆ.
ಕಿತ್ತಳೆ ನನ್ನ ಗಂಡನ ಬೇಟೆಯ ಅಂಗಿ.
ಇದ್ದಾನೆ ಅವನು, ಗಟ್ಟಿಮುಟ್ಟಾಗಿಯೇ ಇದ್ದಾನೆ.
ಒಂದು ಸಲ ಜಿಂಕೆ ತಿರುಗಿ ನೋಡಿತಂತೆ.
ಅಷ್ಟೇ ಹೇಳಿ ಅಂಗಿ ಬಿಚ್ಚಿ ಕೊಟ್ಟ.
ನುಣುಪು ಬಟ್ಟೆ, ಸೂಜಿ ಜಾರುತ್ತದೆ.

ಬ್ಯೂಲಾಳ ಕೈಯಲ್ಲಿ ಸದಾ ಅಳತೆಪಟ್ಟಿ.
ಅಂಚಿನಿಂದ ಹೊಲಿಗೆಗೆ ಕಾಲು ಅಂಗುಲ,
ಕೂದಲೆಳೆ ಹೆಚ್ಚಾದರೂ ಬಿಚ್ಚಿಸುತ್ತಾಳೆ.
'ಕಾಲು ಅಂದರೆ ಕಾಲು' ಎನ್ನುತ್ತಾಳೆ.
ನನ್ನ ಒಂದು ಎಲೆಯನ್ನು ನಾಲ್ಕು ಸಲ ಬಿಚ್ಚಿದ್ದೇನೆ,
ಮರ ಕೂಡ ಅಷ್ಟು ಕಷ್ಟಪಟ್ಟಿರಲಿಕ್ಕಿಲ್ಲ.

ಆಗ ಬಂದಳು ಡೆಲ್ಫೀನಳ ಮೊಮ್ಮಗಳು ಜೂನಿಪರ್,
ಎಂಟು ವರ್ಷ, ಎರಡು ಹಲ್ಲು ಕಡಿಮೆ.
ಹೋದ ವರ್ಷದ ಮೇಪಲ್ ಎಲೆಯೊಂದನ್ನು
ಟೆಲಿಫೋನ್ ಪುಸ್ತಕದಿಂದ ಬಿಡಿಸಿ ತಂದಿದ್ದಳು.
ನಮ್ಮ ಎಲೆಗಳ ಪಕ್ಕಕ್ಕಿಟ್ಟು ಬಹಳ ಹೊತ್ತು ನೋಡಿ
'ನಿಮ್ಮದರಲ್ಲಿ ಒಂದಕ್ಕೂ ತೂತಿಲ್ಲ,
ನಿಮ್ಮ ಹುಳಗಳಿಗೆ ಹಸಿವೇ ಇಲ್ವಾ?' ಅಂದಳು.

ನಾವು ನಕ್ಕೆವು. ಬ್ಯೂಲಾ ನಗಲಿಲ್ಲ.
ಮುಗಿಸಿಟ್ಟಿದ್ದ ತನ್ನ ಎಲೆಯನ್ನು ಎತ್ತಿಕೊಂಡಳು,
ಕೆಂಪು ಪರದೆ, ಕಿತ್ತಳೆ ಅಂಗಿ, ಒಂದೊಂದು ನರಕ್ಕೂ
ಇರುವೆಸಾಲಿನಂಥ ಹೊಲಿಗೆ.
ಆ ಕತ್ತರಿಯ ತುದಿ ನಡುವಿಗೆ ಇಳಿಸಿ
ಕಚಕ್ ಅಂತ ತಿರುಗಿಸಿದಳು.
ಮಷೀನುಗಳು ತಾವಾಗಿಯೇ ನಿಂತವು.

ಹೊರ ಅಂಚು ಕಟ್ಟುವುದು ಸುಲಭ, ಎಲ್ಲರಿಗೂ ಬರುತ್ತದೆ.
ಒಳಗಿನ ತೂತಿಗೆ ಅಂಚು ಕಟ್ಟಬೇಕಾದರೆ
ಬಟ್ಟೆ ಮುನಿಸಿಕೊಳ್ಳುತ್ತದೆ,
ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ.
ಮೂರು ಸಂಜೆ ಬೇಕಾಯಿತು ಅವಳಿಗೆ.
ಅಳತೆಪಟ್ಟಿ ಮೇಜಿನ ಮೇಲೇ ಇತ್ತು,
ಮುಟ್ಟಲಿಲ್ಲ.
ಹುಳ ಅಳೆದು ತಿನ್ನುತ್ತದೆಯೇ?

ಅಕ್ಟೋಬರಿಗೆ ಬಸ್ಸು ಬಸ್ಸು ಜನ.
ಗುಡ್ಡ ಹೊತ್ತಿಕೊಂಡಂತೆ ಉರಿಯುವುದನ್ನು
ಬಿಟ್ಟಿ ನೋಡಿದರು,
ಬಟ್ಟೆಯ ಎಲೆಗೆ ಆರು ಡಾಲರ್ ಕೊಟ್ಟರು.
ಚರ್ಚಿನ ಬಾಯ್ಲರಿಗೆ ಜನವರಿಯವರೆಗೆ ಎಣ್ಣೆಯಾಯಿತು.
ಟೋಪಿಯವನೊಬ್ಬ ತೂತಿನೊಳಗೆ ಬೆರಳು ತೂರಿಸಿ
'ಇದು ಹಾಳಾಗಿದೆ, ಅರ್ಧ ಬೆಲೆಗೆ ಕೊಡ್ತೀರಾ?' ಅಂದ.
'ಅದಕ್ಕೆ ಒಂಬತ್ತು' ಅಂದಳು ಬ್ಯೂಲಾ.

ಕೊನೆಯ ಬಸ್ಸು ಹೋಯಿತು. ಎಲೆಯೂ ಹೋಯಿತು, ಒಂದು ರಾತ್ರಿಯ ಗಾಳಿಗೆ,
ಗುಡ್ಡ ಬೋಳಿಸಿಕೊಂಡ ತಲೆಯ ಹಾಗೆ ನಿಂತಿತು.
ಮೇಜು ಮಡಚುವಾಗ ನೋಡಿದರೆ ತೂತಿನೆಲೆ ಇಲ್ಲ.
ಡಬ್ಬಿಯಲ್ಲಿ ಒಂದು ರಾಶಿ ಚಿಲ್ಲರೆ,
ಬೆವರಿದ ಮುಷ್ಟಿಯ ವಾಸನೆ ಇನ್ನೂ ಆರದ್ದು.

ಬ್ಯೂಲಾ ಎಣಿಸಿದಳು. ಎಂಟೂ ಮುಕ್ಕಾಲು ಡಾಲರ್,
ಜೊತೆಗೆ ಒಂದು ನೀಲಿ ಕೋಟಿನ ಗುಂಡಿ.
ಮತ್ತೊಮ್ಮೆ ಎಣಿಸಿದಳು.
ಪುಸ್ತಕ ತೆರೆದು, ಕನ್ನಡಕ ಸರಿಮಾಡಿಕೊಂಡು,
ಒಂಬತ್ತು ಎಂದು ಬರೆದಳು.