ನಡುಗೆರೆ

ಆರ್ಡಿತ್ ವೆಸ್ಟರ್‌ಗಾರ್ಡ್, ಫಾರ್ವರ್ಡ್,
ಐದಡಿ ಹನ್ನೊಂದು, ಅಂಗಿಯ ನಂಬರು ಮೂವತ್ತೊಂದು.
ನಾಲ್ಕು ವರ್ಷ ಅವಳ ಹೆಸರಿನ ಮುಂದೆ
ಪೆನ್ಸಿಲ್ ಹಿಡಿದು ಕೂತವಳು ನಾನು.
ಚೆಂಡು ಬುಟ್ಟಿಗೆ ಬಿದ್ದರೆ ಒಂದು ಎರಡು,
ತಪ್ಪಿಗೊಂದು ಅಡ್ಡಗೀಟು,
ಬೆಂಚಿನ ತುದಿಯಲ್ಲಿ, ಗೊರಗುಟ್ಟುವ ಹೀಟರಿನ ಪಕ್ಕ.

ಅಯೋವಾದಲ್ಲಿ ಆಗ ಹೈಸ್ಕೂಲು ಹುಡುಗಿಯರ ಆಟವೇ ಬೇರೆ.
ಕಡೆಗೆ ಆರಾರು ಜನ. ಅಂಕಣದ ನಡುವೆ ಗೆರೆ.
ಈಚೆ ಮೂವರು ಎಸೆಯುವವರು,
ಆಚೆ ಮೂವರು ಕಾಯುವವರು.
ಎಸೆಯುವವಳು ಕಾಯುವಂತಿಲ್ಲ, ಕಾಯುವವಳು ಎಸೆಯುವಂತಿಲ್ಲ,
ಯಾರೂ ಗೆರೆ ದಾಟುವಂತಿಲ್ಲ,
ಚೆಂಡನ್ನು ನೆಲಕ್ಕೆ ಬಡಿಯುವುದು ಎರಡೇ ಸಲ.
ಓಡಾಟ ಹೆಣ್ಣುಮಕ್ಕಳ ಗುಂಡಿಗೆಗೆ ಆಗಿಬರದೆಂದು
ಯಾವ ಕಾಲದಲ್ಲೋ ಯಾರೋ ಹೇಳಿದ್ದರಂತೆ.
ಆ ಹುಡುಗಿಯರೋ ಬೆಳಗಿನ ಐದಕ್ಕೆದ್ದು
ನಲವತ್ತು ಹಸುಗಳ ಹಾಲು ಕರೆದು ಆಡಲು ಬರುತ್ತಿದ್ದರು.

ನ್ಯೂ ಓಡೆನ್ಸದ ಅರ್ಧ ಅಂಕಣದಲ್ಲಿ
ಒಂದೇ ರಾತ್ರಿ ಅರವತ್ತೊಂದು ಹೊಡೆದಳು ಆರ್ಡಿತ್.
ಬೆಂಕಿ ಆರಿಸುವ ಕೆಂಪು ಗಾಡಿಯ ಮೇಲೆ ಕೂರಿಸಿ
ಊರು ಸುತ್ತಿಸಿದರು. ಊರೇನು ದೊಡ್ಡದೆ?
ನಾಲ್ಕು ನಿಮಿಷಕ್ಕೆ ಮುಗಿಯಿತು.
ಅದಕ್ಕೇ ಮೂರು ಸುತ್ತು.

ಕಾಲೇಜಿನಲ್ಲಿ ಐದೈದು ಜನ, ಪೂರಾ ಅಂಕಣ.
ಮೊದಲ ದಿನದ ಅಭ್ಯಾಸ. ಚೆಂಡು ಕೈಜಾರಿತು,
ಒಂಬತ್ತು ಜನ ಆ ಕಡೆಗೆ ಓಡಿದರು.
ಇವಳು ಗೆರೆಯ ಬಳಿ ಬಂದು ನಿಂತಳು,
ಬೂಟಿನ ತುದಿ ಗೆರೆಗೆ ತಾಗದಂತೆ, ಅಚ್ಚುಕಟ್ಟಾಗಿ,
ರೈಲು ಹಾದುಹೋಗಲೆಂದು ಗೇಟಿನಲ್ಲಿ ನಿಂತವರ ಹಾಗೆ.
ಎಲ್ಲರೂ ನಕ್ಕರು. ನಾನೂ ನಕ್ಕೆ.
ಕೋಚ್ ಟ್ರಾಸ್ಕ್ ಬಾಯಿಂದ ಸೀಟಿ ತೆಗೆದು ಅಂದರು:
"ದಾಟಮ್ಮ. ಇಲ್ಲಿ ಅದಕ್ಕೆ ಸೀಟಿ ಊದುವುದಿಲ್ಲ."

ದಾಟಿದಳು. ದಾಟಿ ಏನು ಮಾಡಬೇಕೋ ತಿಳಿಯದು.
ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು.
ಮೊದಲ ವರ್ಷ ನನ್ನ ಪುಸ್ತಕದಲ್ಲಿ ಅವಳ ಸಾಲಿಗೆ
ಅಂಕಕ್ಕಿಂತ ಅಡ್ಡಗೀಟೇ ಹೆಚ್ಚು.
ಭಾನುವಾರ ಅವಳಪ್ಪನ ಫೋನು: "ಎಷ್ಟು?"
"ಆರು."
"ಅರವತ್ತಾರೆ?"
"ಆರು, ಅಪ್ಪ."

ಎರಡನೆಯ ಚಳಿಗಾಲ ಅದು ಹೇಗೆ ಶುರುವಾಯಿತೋ.
ಡ್ಯುಬ್ಯೂಕಿನ ದಪ್ಪ ಜಡೆಯ ಹುಡುಗಿ ಬುಟ್ಟಿಗೆ ನುಗ್ಗಿ ಬರುವಾಗ
ಇವಳು ದಾರಿಯಲ್ಲಿ ಹೋಗಿ ನಿಂತುಬಿಟ್ಟಳು.
ಕೈ ಎತ್ತಲಿಲ್ಲ, ಕದಲಲಿಲ್ಲ.
ಅವತ್ತು ಗೆರೆಯ ಬಳಿ ನಿಂತಿದ್ದಳಲ್ಲ, ಹಾಗೇ.
ಡಿಕ್ಕಿ. ಬೆನ್ನ ಮೇಲೆ ಬಿದ್ದು ಜಾರುತ್ತ
ನನ್ನ ಮೇಜಿನ ಕಾಲಿನವರೆಗೆ ಬಂದಳು.
ಸೀಟಿ. ತಪ್ಪು ಆ ಹುಡುಗಿಯದು, ಚೆಂಡು ನಮ್ಮದು.
ಮಲಗಿದಲ್ಲಿಂದಲೇ ಕೇಳಿದಳು: "ಬರೆದುಕೊಂಡೆಯಾ?"

ಎಲ್ಲಿ ಬರೆಯಲಿ?
ಎಸೆದದ್ದಕ್ಕೆ ಕಾಲಂ ಇದೆ, ಹಿಡಿದದ್ದಕ್ಕೆ, ಕೊಟ್ಟದ್ದಕ್ಕೆ ಇದೆ.
ಎದೆಗೊಟ್ಟದ್ದಕ್ಕೆ ಇಲ್ಲ.
ಹಾಳೆಯ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟೆ.

ಆಮೇಲೆ ಚುಕ್ಕಿಗೆ ಚುಕ್ಕಿ. ವಾಪಸು ಬರುವ ಬಸ್ಸಿನಲ್ಲಿ
ಬೆನ್ನಿಗೆ ಐಸಿನ ಚೀಲ ಒತ್ತಿಕೊಂಡು ನಿದ್ದೆ ಹೋಗುವಳು;
ಕಿಟಕಿಯಾಚೆ ಮೈಲಿಗಟ್ಟಲೆ ಮೆಕ್ಕೆಜೋಳದ ಕೂಳೆ,
ಅದರ ಮೇಲೆ ಹಿಮ.
ಅಪ್ಪ ಕೇಳುವುದನ್ನು ಬಿಟ್ಟಿದ್ದ. ಒಮ್ಮೆ ಬಂದು ನೋಡಿ,
ಟೋಪಿ ತಿರುವುತ್ತ ನನ್ನಲ್ಲಿ ಅಂದ:
"ಇವಳು ಯಾಕೆ ಬೀಳುತ್ತಿದ್ದಾಳೆ?"

ನಾಲ್ಕನೆಯ ಫೆಬ್ರುವರಿಯಲ್ಲಿ ಮೊಣಕಾಲು ಹೋಯಿತು.
ಡಿಕ್ಕಿಯಿಂದಲ್ಲ. ಒಬ್ಬಳೇ, ಎದುರು ಯಾರೂ ಇಲ್ಲದೆ,
ನಡುಗೆರೆ ದಾಟುವಾಗ.
ಅದಕ್ಕೊಂದು ಅರ್ಥ ಹುಡುಕಿದವರಿದ್ದರು.
ನೆಲ ಒದ್ದೆಯಿತ್ತು, ಅಷ್ಟೆ.

ಈಗ ಅವಳು ಧಾನ್ಯದ ಗೋದಾಮಿನಲ್ಲಿ ತೂಕದವಳು.
ಲಾರಿ ಬಂದು ನಿಂತರೆ ಅಂಕಿ ಹೇಳುತ್ತಾಳೆ,
ಯಾರೂ ಎದುರಾಡುವುದಿಲ್ಲ.
ಕಾಲೇಜಿನವರು ಹಳೆಯ ಪುಸ್ತಕ ಎಸೆಯಹೊರಟಾಗ
ನಾಲ್ಕನ್ನು ನಾನು ಮನೆಗೆ ತಂದೆ.
ಅಂಚು ನೋಡಿ ಮೊಮ್ಮಗ ಕೇಳಿದ: "ನೊಣ ಕೂತಿತ್ತಾ?"

ಎಣಿಸಿ ಫೋನು ಮಾಡಿದೆ. ಸುಗ್ಗಿಯ ಕಾಲ, ಅವಳದು ರಾತ್ರಿಪಾಳಿ.
"ಎಪ್ಪತ್ತಮೂರು," ಅಂದೆ.
ಆಚೆ ಒಂದು ಲಾರಿ ತಕ್ಕಡಿ ಹತ್ತಿತು, ಇಳಿಯಿತು.
"ಎಪ್ಪತ್ತನಾಲ್ಕು.
ಡಿಕೋರಾದಲ್ಲಿ, ಆ ಹಿಮಗಾಳಿಯ ರಾತ್ರಿ,
ನೀನು ಪೆನ್ಸಿಲ್ ಚೂಪು ಮಾಡುತ್ತಿದ್ದೆ."