ಒಂದು ನೂಲು

ನಾಣಯ್ಯ ಜೀಪಿನಿಂದ ಮೊದಲು ಇಳಿಸಿದ್ದು ಹಲಗೆ,
ಆಮೇಲೆ ಪೆಟ್ಟಿಗೆ, ಆಮೇಲೆ ಕಾಫಿ ಚೀಲದ ತುಂಬ
ವೈರು, ಗುಂಡಿ, ಮುರಿದ ಹಿಡಿಕೆ.
"ಕೂರ್ತಾ ಇಲ್ಲ" ಅಂದ,
ಮದುವೆಗೆ ಹೊಲಿಸಿದ ಕುಪ್ಯದ ಬಗ್ಗೆ ದೂರುವವನಂತೆ.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಬಾಪುಟ್ಟಿ ಕಾಕನ ಅಂಗಡಿಯಲ್ಲಿ
ಒಂದು ರೂಪಾಯಿಗೆ ಮೂರು ಜೀವ ಕೊಡುತ್ತಿದ್ದ ಪೆಟ್ಟಿಗೆ.
ಅಂಗಡಿ ಮುಚ್ಚಿ ಇಪ್ಪತ್ತೆರಡು ವರ್ಷ.
ಕಾಕನ ಕೋಳಿಗಳು ಇದರೊಳಗೆ ಮೊಟ್ಟೆ ಇಟ್ಟು
ಮರಿ ಮಾಡಿಕೊಂಡು ಹೋಗಿವೆ.
ಈಗ ನಾಣಯ್ಯ ಕೊಂಡಿದ್ದಾನೆ. ಯಾಕೆಂದು ಕೇಳಲಿಲ್ಲ.
ಬಸ್ಸಿನ ದುಡ್ಡು ಇದಕ್ಕೆ ಹಾಕಿ
ಬೇಟೋಳಿ ತನಕ ನಡೆದು ಹೋಗುತ್ತಿದ್ದ ಹುಡುಗ ಅವನು.

ಪೆಟ್ಟಿಗೆ ಕಂಪನಿಯದ್ದಲ್ಲ. ನಮ್ಮೂರಿನ ಆಚಾರಿ
ಯಾವುದೋ ಫೋಟೋ ನೋಡಿ ಸಿಲ್ವರ್ ಓಕಿನಲ್ಲಿ ಹೊಡೆದದ್ದು.
ನೆತ್ತಿಯ ಗಾಜಿಗೆ ನನ್ನ ಅಪ್ಪ, ಪಾಸ್ಕು ಆರ್ಟ್ಸ್,
ಹಿಂದಿನಿಂದ, ಅಕ್ಷರ ತಿರುಗಿಸಿ ಬರೆದದ್ದು.
"ಒಬ್ಬ ಫೈಟರ್ ಇರಲಿ" ಅಂದಿದ್ದನಂತೆ ಕಾಕ.
ಫೈಟರ್ ಎಂಬವನನ್ನು ಕಂಡೇ ಇರದ ಅಪ್ಪ
ಕಪ್ಪು ಕುಪ್ಯ, ಕೆಂಪು ಚೇಲೆ, ಸೊಂಟಕ್ಕೆ ಪೀಚೆಕತ್ತಿ,
ಕಾಲಿಗೆ ಮಾತ್ರ ಕ್ಯಾನ್ವಾಸ್ ಬೂಟು ಹಾಕಿ
ಒಬ್ಬನನ್ನು ಗಾಳಿಗೆ ಒದೆಯಲು ಬಿಟ್ಟ.
ಪರದೆಯಲ್ಲಿ ಯಾವ ದೇಶದವನೇ ಹೊಡೆದಾಡಲಿ
ಹುಡುಗರು ಅವನನ್ನು ಕೂಗಿದ್ದು ಅಯ್ಯಣ್ಣ ಎಂದೇ.

ಆ ಗಾಜು ಒಡೆದಿದೆ. ಚೂರು ಜೋಡಿಸಿ ಫೋಟೋ ತೆಗೆದು
ಮೈಸೂರಿನಲ್ಲಿ ಅಕ್ರಿಲಿಕ್ ಮೇಲೆ ಅಚ್ಚು ಹಾಕಿಸಿದ್ದಾನೆ.
ಬಿರುಕೂ ಅಚ್ಚಾಗಿದೆ, ಅಯ್ಯಣ್ಣನ ಮಂಡಿಯ ಮೇಲೆ.

ಅಳೆದೆ. ಎಡಕ್ಕೆ ಒಂಬತ್ತು ಇಂಚು.
ಬಲಕ್ಕೆ ಒಂಬತ್ತಕ್ಕೆ ಒಂದು ನೂಲು ಕಮ್ಮಿ.
ಟೇಪು ಸುಳ್ಳು ಹೇಳುತ್ತದೇನೋ ಎಂದು
ಅಪ್ಪನ ಮರದ ಫೂಟುಪಟ್ಟಿ ತೆಗೆದೆ.
ಅದೂ ಅದನ್ನೇ ಹೇಳಿತು.
ಇದು ಆಚಾರಿ ಸಂಜೆ ನಾಲ್ಕರ ಮೇಲೆ ಹೊಡೆದ ಮೂಲೆ;
ಅವನ ನಾಲ್ಕು ಗಂಟೆ ಊರಿಗೆಲ್ಲ ಗೊತ್ತಿತ್ತು.
"ನೇರ ಕುಯ್ದರೆ ವಾರೆ ಕಾಣುತ್ತೆ" ಅಂದೆ.
"ವಾರೆ ಕುಯ್ದರೆ?"
"ನೋಡೋಣ."

ಉದ್ದದಲ್ಲೂ ಅರ್ಧ ಇಂಚು ಹೋಗಬೇಕು;
ಹೊಸ ಅಲ್ಯೂಮಿನಿಯಂ ಚಾನೆಲ್ಲು ಅಷ್ಟು ನುಂಗುತ್ತದೆ.
ಎಡದಲ್ಲಿ ಕುಯ್ದರೆ ಅಯ್ಯಣ್ಣನ ಬೂಟಿನ ಮೂತಿ.
ಬಲದಲ್ಲಿ ಬರೀ ನೀಲಿ ತಾನೇ ಎಂದು ಬಗ್ಗಿದೆ.
ನೀಲಿಯೊಳಗೆ ಇನ್ನೊಂದು ನೀಲಿಯಲ್ಲಿ,
ಇರುವೆ ಸಾಲಿನಷ್ಟು:
ಪಾಸ್ಕು, ೯೬.

ಹಳೆಯ ಮರದ ಪಟ್ಟಿ ಮುಚ್ಚಿಕೊಂಡಿದ್ದ ಅಂಚು ಅದು.
ಮೊಳೆ ಹೊಡೆದ ಮೇಲೆ ಯಾರಿಗೂ ಕಾಣದ ಕಡೆ.
ಈ ಪೇಟೆಯ ಒಂದು ಬೋರ್ಡಿನಲ್ಲೂ,
ಬೇಕರಿ, ಟೈಲರು, ಹಂದಿಮಾಂಸ, ಹಲ್ಲಿನ ಡಾಕ್ಟರು,
ಅಪ್ಪನ ಹೆಸರು ನಾನು ಕಂಡಿಲ್ಲ.
ಕೇಳಿದರೆ "ಬೋರ್ಡು ಅಂಗಡಿಯವನದ್ದು" ಅನ್ನುತ್ತಿದ್ದ.
ಹಾಗಾದರೆ ಎಲ್ಲದರಲ್ಲೂ, ಪಟ್ಟಿಯ ಅಡಿಗೆ?
ಅರ್ಧಕ್ಕರ್ಧ ಬೋರ್ಡು ಗುಜರಿಗೆ ಹೋಗಿ ಆಗಿದೆ.

ನಾಣಯ್ಯ ವಾಚು ನೋಡಿದ. ಬುಧವಾರ, ಸಂತೆಯ ದಿನ,
ಜೀಪು ಅಡ್ಡ ನಿಂತಿದೆ ಎಂದು ಯಾರೋ ಹಾರ್ನು ಒತ್ತುತ್ತಿದ್ದರು.

ಉಕ್ಕಿನ ಪಟ್ಟಿ ಒತ್ತಿ ಹಿಡಿದು
ಮುರಿದ ಗರಗಸದ ಎಲೆಯ ಮೂಗಿನಿಂದ ಗೀಚಿದೆ.
ಗಾಜಾದರೆ ಒಂದೇ ಗೆರೆ, ಮಾತು ಮುಗಿಯಿತು.
ಅಕ್ರಿಲಿಕ್ಕು ಹಟದ ಮಗು; ಒಂಬತ್ತು, ಹತ್ತು, ಹನ್ನೊಂದು,
ಬಿಳಿ ಹುಡಿ ಬೆರಳಿಗೆ, ಮೂಗಿಗೆ.
ಮೇಜಿನ ಅಂಚಿಗೆ ತಂದು ಉಸಿರು ಕಟ್ಟಿ ಒತ್ತಿದೆ.
ಟಕ್.
ಬಲಗಡೆಯೇ. ಬೂಟು ಎಲ್ಲರೂ ನೋಡುವಂಥದ್ದು.

ಆಮೇಲೆ ತಲೆಯ ಕಡೆಯಿಂದ ಆ ಒಂದು ನೂಲನ್ನು
ಎಡದಲ್ಲಿ ಸೊನ್ನೆಯಿಂದ ಶುರುಮಾಡಿ
ನೀರು ಚಿಮುಕಿಸಿ, ಉಪ್ಪುಕಾಗದಕ್ಕೆ ತಿಕ್ಕಿ ತಿಕ್ಕಿ ಇಳಿಸಿದೆ.
ಚಾನೆಲ್ಲಿಗೆ ಜಾರಿಸಿದರೆ
ಅಟ್ಟದ ಬಾಗಿಲಿಗೆ ಅಗುಳಿ ಬಿದ್ದ ಸದ್ದು.

ಸ್ವಿಚ್ಚು ಹಾಕಿದ. ಪರದೆ ಇನ್ನೂ ಸತ್ತೇ ಇದೆ,
ನೆತ್ತಿ ಮಾತ್ರ ಉರಿಯಿತು.
ವಾರೆ ಪೆಟ್ಟಿಗೆಯ ಮೇಲೆ ವಾರೆ ಹಲಗೆ
ನೆಟ್ಟಗೆ ಕೂತಿತ್ತು; ಅಯ್ಯಣ್ಣ ಒದೆಯುತ್ತಿದ್ದ.
ನಾಣಯ್ಯ ಎರಡು ಹೆಜ್ಜೆ ಹಿಂದೆ ಹೋಗಿ
ಕೈಯನ್ನು ಜೇಬಿಗೆ ಹಾಕಿ, ನಾಣ್ಯ ಹುಡುಕುವವನ ಹಾಗೆ ನಿಂತ.
ನೂರೈವತ್ತು ಹೇಳಿದೆ. ಇನ್ನೂರು ಕೊಟ್ಟ.

ನೀಲಿ ಕಡ್ಡಿ ನನ್ನ ಅಂಗಡಿಯಲ್ಲೇ ಇದೆ,
ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಿಟಕಿಯ ಸಂದಿಯಲ್ಲಿ.
ಸರಿಯಾಗಿ ಕೂತಿದೆ, ಕುಯ್ಯಬೇಕಾಗಲಿಲ್ಲ.
ಹೆಸರಿರುವ ತುದಿ ಒಳಗೆ ಹೋಗಿದೆ.