ದೃಢೀಕೃತ ನಕಲು

ಕೋಲಾರದ ತಾಲ್ಲೂಕು ಕಚೇರಿ ಎದುರಿಗೆ
ಟೀ ಅಂಗಡಿಗೂ ನೋಟರಿಯ ಛತ್ರಿಗೂ ನಡುವೆ
ಆರಡಿ ಅಗಲ ನನ್ನ ಜೆರಾಕ್ಸ್ ಅಂಗಡಿ.
ಪುಟಕ್ಕೆ ಎರಡು ರೂಪಾಯಿ,
ಹಿಂದೆ ಮುಂದೆ ಆದರೆ ಮೂರು.

ಊರಿನ ಓದೆಲ್ಲ ಈ ಗಾಜಿನ ಮೇಲೆ
ಬೋರಲು ಮಲಗಿ ಎದ್ದುಹೋಗಿದೆ.
ಹಸಿರು ಬೆಳಕು ಹೊಟ್ಟೆಯಡಿ ಹಾಯುವಷ್ಟರಲ್ಲಿ
ಅಂಕಪಟ್ಟಿ ನನಗೆ ಬಾಯಿಪಾಠ.

ಮುನಿಲಕ್ಷ್ಮಿ, ಸಸ್ಯಶಾಸ್ತ್ರ, ಎಪ್ಪತ್ತೊಂದು ಪರ್ಸೆಂಟು.
ಎಪಿಎಂಸಿಯಲ್ಲಿ ಮಂಡಿ ಲೆಕ್ಕ ಬರೆಯುತ್ತಾಳೆ ಈಗ,
ಕ್ರೇಟು ಕ್ರೇಟು ಟೊಮೆಟೊ,
ಕಾಯಿಯೋ ದೋರೆಯೋ ಹಣ್ಣೋ ಎಂದು.
"ಇದು ಸೊಲನೇಸಿ ಕುಟುಂಬ ಕಣಣ್ಣಾ, ಬದನೆಗೆ ತಂಗಿ"
ಎಂದು ಹಮಾಲಿಗೆ ಒಮ್ಮೆ ಹೇಳಿದಳಂತೆ.
"ಅದಕ್ಕೆ ಕ್ರೇಟಿಗೆ ಎಷ್ಟು ಜಾಸ್ತಿ ಕೊಡ್ತಾರೆ?" ಅಂದನಂತೆ ಅವನು.

ಫಯಾಜ್, ಭೌತಶಾಸ್ತ್ರ.
ನರಸಾಪುರದಲ್ಲಿ ರಾತ್ರಿ ಪಾಳಿ.
ಸ್ಕ್ರೂ ಬಿಗಿಯುವ ಯಂತ್ರ ತಾನೇ ಎಣಿಸುತ್ತದೆ,
ಅದು ಎಣಿಸುವುದನ್ನು ಇವನು ನೋಡುತ್ತಾನೆ.
ಟಾರ್ಕ್ ಅಂದರೇನು ಅಂತ ಇಂಟರ್‌ವ್ಯೂನಲ್ಲಿ ಕೇಳಿದ್ದೇ ತಡ
ಹತ್ತು ನಿಮಿಷ ಹೇಳಿದನಂತೆ, ಕೈ ತಿರುವಿ ತಿರುವಿ.
"ಸಾಕಪ್ಪ, ಕಣ್ಣಿಗೆ ಬಣ್ಣ ಎಲ್ಲ ಸರಿಯಾಗಿ ಕಾಣ್ತವಾ?"

ಬಿ.ಕಾಂ. ಮಾಡಿದ ಬೈರೆಡ್ಡಿಯೊಬ್ಬನೇ
ಓದಿದ್ದನ್ನೇ ಮಾಡುತ್ತಿರುವುದು:
ಚೀಟಿ ಕಂಪನಿ.
ಅವನ ವಿಷಯ ಹೆಚ್ಚು ಕೇಳಬೇಡಿ.

ನನ್ನದು ಎಂ.ಎ., ಶಾಸನಶಾಸ್ತ್ರ.
"ಓಹೋ, ಎಮ್ಮೆಲ್ಲೆ ಆಗ್ತೀಯೇನಮ್ಮ?" ಎಂದಿದ್ದರು ಸೋದರಮಾವ.
ಎರಡು ವರ್ಷ ಬಿಸಿಲಲ್ಲಿ ಕಲ್ಲಿಗೆ ಒದ್ದೆ ಕಾಗದ ಹೊದಿಸಿ
ಬ್ರಷ್ಷಿನಿಂದ ಬಡಿದು, ಮಸಿ ತಟ್ಟಿ ಪಡಿಯಚ್ಚು ತೆಗೆದೆ.
ಈಗಲೂ ತೆಗೆಯುತ್ತೇನೆ,
ಆಧಾರ್ ಕಾರ್ಡಿನದು.

ಶಿವರಾತ್ರಿ ಕಳೆದ ವಾರ
ವೇಮಗಲ್ ಕಡೆಯ ಪಿಳ್ಳಮ್ಮ ಎಂಬಾಕೆ
ಡಾಲ್ಡಾ ಡಬ್ಬಿಯಿಂದ ಕಾಗದದ ಸುರುಳಿ ತೆಗೆದಳು.
"ಎಲ್ಡು ಜೆರಾಕ್ಸು ಮಾಡಮ್ಮಿ. ಇದನ್ನ ಯಾರೂ ಓದಕಾಗಲ್ಲ
ಅಂತ ಲಾಯರಪ್ಪ ಅಂದವ್ನೆ."

ಗಾಜಿನ ಮೇಲೆ ಇಡಹೋದವಳು ಇಡಲಿಲ್ಲ.
ಮೋಡಿ ಬರಹ. ಕೈಯೆತ್ತದೆ ಎಳೆದ ಸಾಲು,
ಲಿಪಿ ಕನ್ನಡ, ಮಾತು ಅರ್ಧ ತೆಲುಗು,
ಕೊಟ್ಟಿಗೆಯ ಕತ್ತಲಲ್ಲಿ ಒಂದರ ಮೇಲೊಂದು
ಕತ್ತಿಟ್ಟು ನಿಂತ ಎಮ್ಮೆಗಳಂತೆ ಒತ್ತಕ್ಷರಗಳು.
ಬೆರಳು ತಾನೇ ನಡೆಯಿತು:
ಮೂಡಲು ಹುಣಸೆಮರ,
ಪಡುವಲು ಕೆರೆಕಾಲುವೆ,
ಬಡಗಲು ಕುಂಬಾರ ದೊಡ್ಡನಂಜನ ಹೊಲ.
ತೆಂಕಲಿಗೆ ಬಂದರೆ ಹುಳು ತಿಂದ ತೂತು.

ಮುದುಕಿ ಜಗಲಿಗೆ ಕೈಯೂರಿ ನಿಂತು ಕೇಳುತ್ತಿದ್ದಳು.
"ತೆಂಕ್ಲು ನಮ್ಮೋರ ಸಮಾಧಿಗಳು," ಅಂದಳು,
"ಅದನ್ನ ಬರಕೊಂಡು ನೆಪ್ಪಿಟ್ಕಬೇಕಾ?"

ಆಮೇಲೆ ಬೋರ್ಡಿಗೆ ಇನ್ನೊಂದು ಸಾಲು ಸೇರಿಸಿದೆ:
ಹಳೆ ದಾಕಲೆ ಓದಿಕೊಡಲಾಗುವುದು.
ಮಹಾಪ್ರಾಣ ನುಂಗಿದ್ದು ಪೇಂಟರು.
ತಿದ್ದಲು ಇನ್ನೂರು ಕೇಳಿದ, ಬಿಟ್ಟೆ.
ಸಾವಿರ ವರ್ಷದ ಕಲ್ಲಲ್ಲೂ ಇಂಥವಿರುತ್ತವೆ;
ಕಂಡರಿಸಿದವನ ಲೋಪ ಎಂದು
ಅಡಿಟಿಪ್ಪಣಿ ಹಾಕಿ ಮುಂದೆ ಹೋಗುತ್ತಿದ್ದೆವು.

ತಿಂಗಳಿಗೆ ನಾಲ್ಕೋ ಐದೋ ಬರುತ್ತವೆ ಅಂಥ ಕಾಗದ.
ಬಾಡಿಗೆ, ಕರೆಂಟು, ಟೋನರು ಹೊರುವುದು ಈಗಲೂ ಆಧಾರೇ.
ಓದಿದ್ದಕ್ಕೆ ಎಷ್ಟು ಕೇಳಬೇಕೆಂದು ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ;
ನೂರು ಅನ್ನುತ್ತೇನೆ, ಐವತ್ತು ಕೊಡುತ್ತಾರೆ,
ಪಿಳ್ಳಮ್ಮ ಅವರೆಕಾಯಿ ಕೊಟ್ಟಳು.

ನಿನ್ನೆ ಸಂಜೆ ಪಿಯುಸಿ ಮುಗಿಸಿದ ಹುಡುಗಿ,
ಕೈಯಲ್ಲಿ ಅಂಕಪಟ್ಟಿ, ಇನ್ನೂ ಲ್ಯಾಮಿನೇಷನ್ನಿನ ಬಿಸಿ.
"ಅಕ್ಕಾ, ಡಿಗ್ರಿಗೆ ಏನು ತಗೊಂಡ್ರೆ ಕೆಲಸ ಸಿಗುತ್ತೆ?
ನೀವು ಏನು ಓದಿದ್ರಿ?"

ಓದೋದನ್ನ, ಅಂತ ಬಾಯಿಗೆ ಬಂತು.
ಅಷ್ಟರಲ್ಲಿ ಮಷೀನಿನ ಕೆಂಪು ದೀಪ.
ಕಾರ್ಟ್ರಿಜ್ ಹೊರಗೆಳೆದು
ಮಗುವನ್ನು ಕುಲುಕಿದ ಹಾಗೆ ಕುಲುಕಿ ಮತ್ತೆ ಹಾಕಿದೆ.
ಎಷ್ಟು ಕಾಪಿ ಅಂದೆ.
ನಾಲ್ಕು ಅಂದಳು.
ಮೊದಲನೆಯದು ಮಸುಕಾಗಿ ಬಂತು,
ಹೆಸರು ಮಾತ್ರ ಕಾಣುತ್ತಿತ್ತು.
ಇದಕ್ಕೆ ದುಡ್ಡು ಬೇಡ ಎಂದು
ಐದನೆಯದನ್ನು ತೆಗೆದೆ.